ಮಾತು ಹೊರುವ ಕೆಲಸ

ತಿಳವಳ್ಳಿಯ ಈ ಮನೆಗೆ ಸೊಸೆಯಾಗಿ ಬಂದಾಗ ರೊಟ್ಟಿ ಬಡಿಯುವುದರಿಂದ ಹಿಡಿದು ದನಕ್ಕೆ ಹಿಂಡಿ ಕಲಸುವವರೆಗೆ ಎಲ್ಲ ಕೆಲಸವೂ ನನಗೆ ಬರುತ್ತಿತ್ತು. ಬಾರದ ಕೆಲಸ ಒಂದಿತ್ತು, ಅದನ್ನು ಇಲ್ಲೇ ಕಲಿತೆ. ಅತ್ತೆಯ ಮಾತನ್ನು ಮಾವನಿಗೂ, ಮಾವನ ಮಾತನ್ನು ಅತ್ತೆಗೂ ಮುಟ್ಟಿಸುವುದು. ಇಬ್ಬರೂ ಒಂದೇ ಪಡಸಾಲೆಯಲ್ಲಿ ಕೂತಿರುತ್ತಿದ್ದರು, ಇಬ್ಬರ ಕಿವಿಯೂ ಚುರುಕಾಗಿತ್ತು. ಆದರೂ ಅತ್ತೆ ನನ್ನ ಕಡೆ ತಿರುಗಿ, "ನಿಮ್ಮ ಮಾವಗ ಹೇಳವಾ, ಉಣ್ಣೂದಿದ್ರ ಉಣ್ಲಿ, ಇಲ್ಲಂದ್ರ ಬಿಡ್ಲಿ," ಅನ್ನುತ್ತಿದ್ದರು. ನಾನು, "ಮಾವ, ಊಟಕ್ಕ ಏಳಬೇಕಂತ್ರಿ," ಅನ್ನುತ್ತಿದ್ದೆ. ಮಾವ ಒಂದು ತುತ್ತು ಉಂಡು, "ಸಾರಿಗೆ ಉಪ್ಪು ಹಾಕಾಕ ಕೈ ಸೋತಾವೇನು ಕೇಳು ಆಕೀನ," ಅಂದರೆ, "ಅತ್ತಿ, ಚೂರು ಉಪ್ಪು ಬೇಕಂತ್ರಿ," ಅನ್ನುವುದು. ಮಾತಿನ ಮುಳ್ಳು ಮುರಿದು ಕೊಡುವುದೂ ನನ್ನ ಪಾಲಿಗೇ ಬಂದಿತ್ತು.

ಹಿರೇಕೆರೂರಿನಲ್ಲಿ ಅತ್ತೆಯ ತಮ್ಮನ ಮದುವೆಯಲ್ಲಿ ಮಾವ ಹತ್ತು ಮಂದಿಯ ಎದುರು ಅತ್ತೆಗೆ ಏನೋ ಅಂದಿದ್ದರಂತೆ. ಅಂದಿನಿಂದ ಇಬ್ಬರೂ ಮಾತು ಬಿಟ್ಟಿದ್ದರು. ನನಗಿಂತ ಮೊದಲು ನನ್ನ ಗಂಡ, ಅವರ ಅಕ್ಕ ಈ ಕೆಲಸ ಮಾಡಿದವರು. ಅಕ್ಕ ಮದುವೆಯಾಗಿ ಸವಣೂರಿಗೆ ಹೋದರು. ಗಂಡ ಶಿಗ್ಗಾವಿಯ ಕಚೇರಿಗೆ ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಉಳಿದವಳು ನಾನು.

ಮಗಳು ಹುಟ್ಟಿ ಮೂರ್ನಾಲ್ಕು ವರ್ಷಕ್ಕೆ ನನಗೆ ಎದೆ ಬಿಗಿಯತೊಡಗಿತು. ಪಡಸಾಲೆಯಿಂದ ಯಾರಾದರೂ ಕರೆದರೆ ಸಾಕು, ಅಂಗೈ ಬೆವರುತ್ತಿತ್ತು. ಹಾನಗಲ್ಲಿನ ಡಾಕ್ಟರು ಇಸಿಜಿ ನೋಡಿ, "ಹೃದಯ ಚಲೋ ಐತಿ. ಮನ್ಯಾಗ ಏನಾರ ತ್ರಾಸ ಐತೇನ್ರಿ?" ಎಂದು ಕೇಳಿದರು. ಇಲ್ಲ ಎಂದೆ. ಬಸ್ಸಿನಲ್ಲಿ ವಾಪಸು ಬರುವಾಗ ಸಿಟ್ಟು ಬಂತು. ಜಗಳ ಅವರದು, ಬಿಗಿಯುವ ಎದೆ ಮಾತ್ರ ನನ್ನದು, ಇದ್ಯಾವ ನ್ಯಾಯ? ಇನ್ನು ಮೇಲೆ ಒಂದು ಮಾತನ್ನೂ ಹೊರುವುದಿಲ್ಲ ಎಂದು ಅಲ್ಲೇ ತೀರ್ಮಾನ ಮಾಡಿದೆ.

ಅದಾದ ಸ್ವಲ್ಪ ದಿನಕ್ಕೆ, ಗೋವಿನಜೋಳ ಕೊಯ್ದ ಹೊಲದಲ್ಲಿ ಮಾವನ ಕಾಲಿಗೆ ಕೂಳೆ ಚುಚ್ಚಿತು. ಅವರಿಗೆ ಸಕ್ಕರೆ ಕಾಯಿಲೆ. ಹೆಬ್ಬೆರಳಿಗೆ ಅರಿವೆ ಸುತ್ತಿಕೊಂಡು ಓಡಾಡಿದರು. ದವಾಖಾನೆಗೆ ಹೋಗಿ ಎಂದು ನಾನೇ ನನ್ನ ಮಾತಾಗಿ ಹೇಳಿದೆ. "ಸಣ್ಣದೈತಿ, ಅರಿಶಿಣ ಹಚ್ಚೇನಿ," ಎಂದರು. ಗಂಡನೂ ಹೇಳಿ ಬೈಸಿಕೊಂಡರು. ಮಾವ ನಿಜವಾಗಿ ಕೇಳುತ್ತಿದ್ದುದು ಅತ್ತೆ ಹೇಳಿ ಕಳಿಸಿದ ಮಾತನ್ನು ಮಾತ್ರ. ಮಾತು ಬಿಟ್ಟಿದ್ದರೂ ಅತ್ತೆಯ ಹೆದರಿಕೆ ಅವರನ್ನು ಬಿಟ್ಟಿರಲಿಲ್ಲ.

ಅರಿವೆ ಕಪ್ಪಾದ ದಿನ ಅತ್ತೆ ಒಲೆಯ ಮುಂದೆ ನನ್ನನ್ನು ಹಿಡಿದು ನಿಲ್ಲಿಸಿದರು.

"ನಿಮ್ಮ ಮಾವಗ ಹೇಳು, ಇವತ್ತ ಹುಬ್ಬಳ್ಳಿಗೆ ಹೋಗಬೇಕಂತ."

"ನೀವ ಹೇಳ್ರಿ ಅತ್ತಿ."

"ಏನಂದಿ?"

"ನಾ ಇನ್ನ ಹೇಳೂದಿಲ್ರಿ. ಮಾವ ಕೇಳೂದು ನಿಮ್ಮ ಮಾತು, ನೀವ ಹೇಳ್ರಿ."

ಅತ್ತೆಯ ಮುಖ ಕೆಂಪಾಯಿತು. ಆ ದಿನ ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ. ಮರುದಿನವೂ ಅಷ್ಟೇ. ಪಡಸಾಲೆಯಲ್ಲಿ ಗಾಯದ ವಾಸನೆ ಸುಳಿಯತೊಡಗಿತು. ಒಂದೇ ಒಂದು ಮಾತು ಹೊತ್ತರೆ ಕಾಲು ಉಳಿಯುತ್ತದೆ. ಹೊತ್ತರೆ ನಾಳೆ ಮತ್ತೆ ಹೊರಬೇಕು. ಹಟ ಅವರದೋ ನನ್ನದೋ ನನಗೇ ತಿಳಿಯದಾಯಿತು. ಹೆದರಿಕೆಯಾಗಿತ್ತು, ನನ್ನ ಬಗ್ಗೆ ನಾಚಿಕೆಯೂ ಆಗಿತ್ತು.

ಆಮೇಲಿನ ಬೆಳಿಗ್ಗೆ ಸೋಲಲು ಸಿದ್ಧಳಾಗಿಯೇ ಎದ್ದೆ. ಕೈ ಒರೆಸಿಕೊಂಡು ಪಡಸಾಲೆಗೆ ಬಂದರೆ, ಅತ್ತೆ ನನ್ನ ಮಗಳ ತಲೆ ಬಾಚುತ್ತಿದ್ದರು. ಇನ್ನೂ ಅಂಗನವಾಡಿಗೆ ಹೋಗುವ ಹುಡುಗಿ. ಅವಳ ಕಿವಿಯ ಹತ್ತಿರ ಬಾಗಿ, "ನಿಮ್ಮ ಅಜ್ಜಗ ಹೇಳ ಹೋಗವಾ ಬಂಗಾರಿ, ದವಾಖಾನಿಗೆ ಹೋಗಬೇಕಂತ ಅಜ್ಜಿ ಹೇಳ್ಯಾಳಂತ," ಎಂದರು. ದೊಡ್ಡವರ ಕೆಲಸ ಸಿಕ್ಕಿತೆಂದು ಮಗಳು ಖುಷಿಯಿಂದ ಎದ್ದಳು.

ನನ್ನ ಮೈ ಉರಿದುಹೋಯಿತು. ಓಡಿಹೋಗಿ ಅವಳನ್ನು ಎತ್ತಿಕೊಂಡೆ. "ಇಕೀಗೆ ಈ ಕೆಲಸ ಹಚ್ಚಬ್ಯಾಡ್ರಿ!" ಎಂದು ಕೂಗಿದೆ. "ನಾ ಹೊತ್ತಿದ್ದು ಸಾಕು. ನನ್ನ ಮಗಳು ಹೊರಂಗಿಲ್ಲ. ಬೇಕಾರ ಕಾಲು ಕೊಳೀಲಿ!"

ಮಾವ ಮಂಚದ ಮೇಲೆ ಕೂತಲ್ಲೇ ಕೂತಿದ್ದರು. ಮಗಳು ಅಳತೊಡಗಿದಳು. ಅತ್ತೆ ಬಾಚಣಿಗೆ ಕೆಳಗಿಟ್ಟು ಎದ್ದರು. ಮಂಚದ ಹತ್ತಿರ ಹೋಗಿ, ಮಾವನ ಮುಖ ನೋಡದೆ ಕಾಲನ್ನೇ ನೋಡುತ್ತ, "ಏಳ್ರಿ. ನಾನೂ ಬರ್ತೇನಿ," ಎಂದರು.

ಮಾವ ರೂಢಿಯಂತೆ ನನ್ನ ಕಡೆ ನೋಡಿದರು. ನಾನು ಮಗಳ ಹೆಗಲಿಗೆ ಮುಖ ಒತ್ತಿಕೊಂಡೆ. ಮಾವ ಮಂಚದಿಂದ ಕಾಲು ಇಳಿಸಿ, "ಚಪ್ಪಲ ಎಲ್ಲಿ ಅದಾವ?" ಎಂದು ಅತ್ತೆಯನ್ನೇ ಕೇಳಿದರು.

ಹುಬ್ಬಳ್ಳಿಯಲ್ಲಿ ಕಾಲು ಉಳಿಯಿತು, ಹೆಬ್ಬೆರಳು ಉಳಿಯಲಿಲ್ಲ. ವಾರ್ಡಿನ ಹೊರಗೆ ಗಂಡ ನನ್ನ ಮೇಲೆ ಹರಿಹಾಯ್ದರು. "ಮೊದ್ಲ ನೀ ಹೋಗಿ ಒಂದ ಮಾತು ಹೇಳಿದ್ರ ಬೆರಳು ಉಳೀತಿತ್ತು!" ಆ ಬೆರಳು ಇಂದಿಗೂ ನನ್ನನ್ನು ಕಾಡುತ್ತದೆ.

ಚಹಾದ ಥರ್ಮಾಸ್ ಹಿಡಿದು ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಆಕೀನ್ಯಾಕ ಬೈತಿ?" ಎಂದರು ಮಗನಿಗೆ. "ಆ ಬೆರಳು ಕಳದಾವ್ರು ನಾವಿಬ್ರು ಗಂಡ ಹೆಂಡ್ತಿ. ಒಳಗ ನಿಮ್ಮಪ್ಪ ಅದಾರ, ಹೋಗು, ಅವರಿಗೂ ಹೇಳು ಈ ಮಾತು."

ಗಂಡ ಒಳಗೆ ಹೋಗಲು ತಿರುಗಿದರು. ಅತ್ತೆ ಅವರ ತೋಳು ಹಿಡಿದರು.

"ಬ್ಯಾಡ ನಿಂದ್ರು. ನಾನ ಹೇಳ್ತೇನಿ."