ಎರಡನೆಯ ಕಾಳು

ಭತ್ತ ಕೊಳ್ಳುವ ಮುಂಚೆ ಮನೆಯ ಇಬ್ಬರು ಒಂದೊಂದು ಕಾಳು ಕಡಿದು ನೋಡಬೇಕು. ಸಿರುಗುಪ್ಪದ ನಮ್ಮ ಅಕ್ಕಿ ಗಿರಣಿಯಲ್ಲಿ ಅಪ್ಪ ಮಾಡಿದ ಕಟ್ಟಳೆ ಇದು. ಕಾಳು ಕಟ್ ಎಂದರೆ ಒಣಗಿದೆ, ಮೆತ್ತಗಿದ್ದರೆ ಇನ್ನೂ ಹಸಿ. ಮದುವೆಯಾಗಿ ಕುರುಗೋಡಿಗೆ ಹೋಗುವವರೆಗೆ ಅಪ್ಪನ ಜೊತೆ ಕಾಳು ಕಡಿಯುತ್ತಿದ್ದವಳು ನಾನೇ. ಆಮೇಲೆ ತಮ್ಮ. ಅಪ್ಪ ತೀರಿಕೊಂಡ ಮೇಲೆ ತಮ್ಮನೊಬ್ಬನೇ ಎರಡೂ ಕಾಳು ಕಡಿಯತೊಡಗಿದ, ಒಂದು ತನ್ನದು, ಇನ್ನೊಂದು ಅಪ್ಪನದು. ತೇವ ಅಳೆಯುವ ಮೀಟರ್ ಪಕ್ಕದಲ್ಲೇ ಸುಮ್ಮನೆ ಕೂತಿರುತ್ತಿತ್ತು, ಪಾಪ.

ಹೋದ ವರ್ಷ ಗಿರಣಿಯನ್ನು ತನ್ನ ಹೆಸರಿಗೆ ಮಾಡಿಕೊಳ್ಳಲು ಅವನು ನನ್ನನ್ನು ಬಳ್ಳಾರಿಯ ವಕೀಲರ ಬಳಿ ಕರೆದೊಯ್ದ. ಚೀಲದಲ್ಲಿ ನನಗೆಂದು ಒಂದು ಇಳಕಲ್ ಸೀರೆ. ಹೆಣ್ಣುಮಕ್ಕಳು ಸೀರೆ ಕುಪ್ಪಸ ತೆಗೆದುಕೊಂಡು, ಹಕ್ಕು ಬಿಟ್ಟೆ ಎಂದು ಸಹಿ ಹಾಕುವುದು ನಮ್ಮ ಮನೆತನದ ರೂಢಿ. ಸೋದರತ್ತೆಯರೆಲ್ಲ ಹಾಗೇ ಮಾಡಿದ್ದರು. ನಾನೂ ಕಣ್ಣು ಮುಚ್ಚಿಕೊಂಡು ಸಹಿ ಹಾಕಲು ಹೊರಟವಳೇ. ವಕೀಲರು ತಡೆದರು. ಕಾನೂನು ಬದಲಾಗಿ ಎಷ್ಟೋ ವರ್ಷವಾಯಿತು, ಮಗನಷ್ಟೇ ಪಾಲು ಮಗಳಿಗೂ ಇದೆ, ಬಿಡುವುದಾದರೆ ತಿಳಿದು ಬಿಡಿ ಎಂದರು. ತಮ್ಮನ ಮುಖ ಸಪ್ಪಗಾಯಿತು. ನನಗೆ ಬೇಕಾಗಿದ್ದುದು ಆಸ್ತಿಯಲ್ಲ, ಆ ತೌಡಿನ ವಾಸನೆಯ ನಡುವೆ ಕೂರಲು ಒಂದು ಜಾಗ. ಅದು ನನಗೆ ಅಲ್ಲೇ ಹೊಳೆದದ್ದು.

“ಪಾಲು ಒಡಿಯಾಕ ಬಂದಿಲ್ಲಲೇ ತಮ್ಮಾ,” ಎಂದೆ. “ಸಹಿ ಮಾತ್ರ ಹಾಕಂಗಿಲ್ಲ. ನಾನೂ ಗಿರಣಿಗೆ ಬರ್ತೀನಿ, ಇಬ್ರೂ ಸೇರಿ ನಡೆಸೋಣು.”

ಅವನು ಸೀರೆಯ ಚೀಲ ಎತ್ತಿಕೊಂಡು ಎದ್ದ. ಕುರುಗೋಡಿನವರೆಗೆ ಕಾರಿನಲ್ಲಿ ಬಿಟ್ಟು ಹೋದ. ಸೀರೆ ಹಿಂದಿನ ಸೀಟಿನಲ್ಲೇ ಉಳಿಯಿತು. ತವರಿನ ಬಾಗಿಲು ಮುಚ್ಚಿತೇನೋ ಎಂದು ನಾನು ಹೆದರಿದ್ದು ನಿಜ. ವಾರಗಟ್ಟಲೆ ಫೋನೂ ಇಲ್ಲ. ಮೊದಲಿನಿಂದಲೂ ಅವನು ಹಾಗೇ, ನಿಧಾನಕ್ಕೆ ಕುದಿಯುವ ಗಡಿಗೆ.

ಕೊಯ್ಲು ಶುರುವಾದಾಗ ಫೋನ್ ಬಂತು. ಇಬ್ಬರನ್ನೂ ಪಾಲುದಾರರನ್ನಾಗಿ ಮಾಡಿ ಪತ್ರ ಬರೆಸಿದ್ದೇನೆ, ಬಾ ಎಂದ. ಹೋದೆ. ಅವನ ಮೇಜಿನ ಪಕ್ಕ ಇನ್ನೊಂದು ಕುರ್ಚಿ ಇತ್ತು, ಅದರ ಮೇಲೆ ಆ ಇಳಕಲ್ ಸೀರೆ. ಅಷ್ಟರಲ್ಲಿ ದೇಶನೂರಿನ ರೈತರೊಬ್ಬರು ಒಂದು ಹಿಡಿ ಭತ್ತ ತಂದರು. ತಮ್ಮ ಒಂದು ಕಾಳು ಕಡಿದ. ಎರಡನೆಯದನ್ನೂ ಬಾಯಿಗೆ ಹಾಕಿಕೊಳ್ಳುತ್ತಾನೆ ಎಂದುಕೊಂಡೆ. ಅವನು ಅಂಗೈ ನನ್ನ ಕಡೆ ಚಾಚಿದ.

“ಅಪ್ಪನ ಕಾಳು ಇನ್ನ ನಾ ಕಡಿಯಂಗಿಲ್ಲ, ಅಕ್ಕ. ಅದು ನಿಂದು.”

ಅವನ ಅಂಗೈಯಿಂದ ಎತ್ತಿಕೊಂಡು ಕಡಿದೆ. ಕಾಳು ಕಟ್ ಎಂದಿತು. ಒಣಗಿದೆ, ತೆಗೆದುಕೊಳ್ಳೋಣ ಎಂದೆ.