ಮರಳಿನಿಂದ ಎದ್ದ ಮೂಗು

ಈ ವಯಸ್ಸಿನಲ್ಲಿ ನಾನು ಪೆರಂಬೂರಿನಿಂದ ಎರಡು ಬಸ್ಸು ಹಿಡಿದು ಆಮೆ ಸಾಕುವ ಒಂದು ಕೇಂದ್ರಕ್ಕೆ ಹೋದದ್ದು ಅಲ್ಲಿನ ಕೊಳದ ಪಂಪು ರಿಪೇರಿಗೆ. ಕೊಳದಲ್ಲಿ ಕಲಕಿದ ನೀರು, ತಳದಲ್ಲಿ ಮರಳು. ಬೇರೇನೂ ಕಾಣಲಿಲ್ಲ.

"ಒಳಗೆ ದೊಡ್ಡ ಆಮೆ ಇದೆ ಸಾರ್, ಮೆದು ಚಿಪ್ಪಿನದು," ಎಂದಳು ಅದನ್ನು ನೋಡಿಕೊಳ್ಳುವ ಸೆಲ್ವಿ. "ದಿನವೆಲ್ಲ ಮರಳಲ್ಲಿ ಹೂತಿರುತ್ತೆ. ಉಸಿರಿಗೆಂದು ಒಂದೆರಡು ಸಲ ಮೇಲೆ ಬಂದರೆ ಹೆಚ್ಚು. ನದಿಗಳಲ್ಲಿ ಇಂಥವು ಉಳಿದಿರೋದೇ ಅಪರೂಪ. ಪಂಪು ಕೆಟ್ಟಮೇಲೆ ಇದೂ ಮೇಲೆ ಬಂದಿಲ್ಲ ಸಾರ್, ಬದುಕಿದೆಯೋ ಇಲ್ಲವೋ..."

"ಮಾತು ಸಾಕಮ್ಮ. ನಾನು ಪಂಪಿನ ಸದ್ದು ಕೇಳಬೇಕು," ಎಂದೆ. ಕೆಟ್ಟ ಪಂಪನ್ನು ಒಂದು ಕ್ಷಣ ಓಡಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೂ ಹಿಡಿಯನ್ನು ಕಿವಿಗೂ ಒತ್ತಿ ಆಲಿಸುವುದು ನನ್ನ ಪದ್ಧತಿ. ಬೇರಿಂಗ್ ಹೋಗಿತ್ತು. ಬದಲಿಸಿದೆ. ನೀರು ಹರಿಯಿತು.

ಕೆಲಸ ಮುಗಿದಿತ್ತು, ಆದರೂ ಹೊರಡಲಾಗಲಿಲ್ಲ. ಸೆಲ್ವಿಯ ಪಕ್ಕ ನಿಂತು ನೀರನ್ನೇ ನೋಡಿದೆ.

ಬಹಳ ಹೊತ್ತಿನ ಮೇಲೆ ಮರಳು ಕದಲಿತು. ಲಾರಿ ಚಕ್ರದಷ್ಟು ಅಗಲದ ಬೆನ್ನು! ಕಪ್ಪೆಯಂಥ ತಲೆ ನಿಧಾನವಾಗಿ ಮೇಲೇರಿ, ಮೋಟು ಮೂಗು ನೀರಿನಿಂದ ಹೊರಗೆ ಬಂತು.

"ಬಂತು! ಅಗೋ, ಬಂತು ನೋಡಮ್ಮ! ಬದುಕಿದೆ!" ಎಂದು ಕೂಗಿಯೇಬಿಟ್ಟೆ.

ಸೆಲ್ವಿ ಕಣ್ಣೊರೆಸಿಕೊಂಡು ಪಿಸುಗುಟ್ಟಿದಳು: "ತಾತಾ, ಮಾತು ಸಾಕು. ಅದು ಉಸಿರಾಡಬೇಕು."

ನನಗೆ ಸುಮ್ಮನಿರು ಎಂದು ಹೇಳುವ ಪ್ರಸಂಗ ಅಲ್ಲಿಯವರೆಗೆ ಯಾರಿಗೂ ಬಂದಿರಲಿಲ್ಲ.