ಮಾಲೆ ಹಾಕಿದ ಮೂರನೇ ದಿನ

ಮೊದಲು ನಡುಗಿದ್ದು ಕಾಫಿ ಲೋಟ.

ಚೋವಾ ಚು ಕಾಂಗ್ ಬಡಾವಣೆಯ ನಮ್ಮ ಮನೆಯ ಮೇಜಿನ ಮೇಲೆಲ್ಲ ಕಾಫಿ ಚೆಲ್ಲಿತು. ನಮ್ಮನೆಯವರು ಶಬರಿಮಲೆಗೆಂದು ಮಾಲೆ ಹಾಕಿ ಅಂದಿಗೆ ಮೂರನೇ ದಿನ. ಕಪ್ಪು ಪಂಚೆ, ಹಣೆಗೆ ವಿಭೂತಿ. ಮಾಲೆ ಹಾಕಿದವರನ್ನು ಹೆಂಡತಿಯೂ ಸ್ವಾಮಿ ಎಂದೇ ಕರೆಯಬೇಕಲ್ಲ, "ಏನ್ ಸ್ವಾಮಿ, ಚಳೀನಾ?" ಎಂದು ರೇಗಿಸಿದೆ.

ಸಿಂಗಪುರದಲ್ಲಿ ಚಳಿ!

ಅವರು ನಗಲಿಲ್ಲ. ಮುಖದಿಂದ ಬೆವರು ಇಳಿಯುತ್ತಿತ್ತು.

ಇವರು ಭಾರತದ ಏರ್‌ಫೋರ್ಸಿನಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದವರು. ನಿವೃತ್ತಿಯ ಮೇಲೆ ಇಲ್ಲಿನ ಸೆಲೆಟಾರ್ ವಿಮಾನ ನಿಲ್ದಾಣದಲ್ಲಿ ಅದೇ ಕೆಲಸ. ಯೂನಿಫಾರ್ಮ್ ಬಿಟ್ಟರೂ ಸಂಜೆಯ ರಮ್ ಬಿಡಲಿಲ್ಲ. ಎರಡು ಪೆಗ್ಗು ಬರಬರುತ್ತಾ ಅರ್ಧ ಬಾಟಲಿಯಾಯಿತು. ನಾನು ಬೈದರೆ ಸಬೂಬು ಸಿದ್ಧ. "ಸೆಲೆಟಾರ್ ಬ್ರಿಟಿಷರ ಏರ್‌ಬೇಸ್ ಆಗಿತ್ತು ಕಣೇ. ಬಿಳಿ ಸೋಲ್ಜರ್‌ಗಳು ಮನೆ ಮಠ ಬಿಟ್ಟು ಬಂದು, ಈ ಸೆಕೆ ತಡೀಲಾರ್ದೆ ಕುಡಿದು ಬೀಳ್ತಿದ್ರಂತೆ. ನಾನು ಪರಂಪರೆ ಉಳಿಸ್ತಿದೀನಿ ಅಷ್ಟೇ."

ಆ ಮಾತಿಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಾಗಿದ್ದವರು ತಾವಾಗಿಯೇ ಮಾಲೆ ಹಾಕುತ್ತೇನೆಂದಾಗ, ವ್ರತವೆಂದರೆ ಒಂದು ಹನಿಯೂ ಇಲ್ಲ ಎಂದು ಬಾಟಲಿಗಳನ್ನು ಸಿಂಕಿಗೆ ಸುರಿದಾಗ, ನಾನು ತುಪ್ಪದ ದೀಪ ಹಚ್ಚಿದೆ. ಮಿಲಿಟರಿ ಮನುಷ್ಯ, ಒಂದೇ ಏಟಿಗೆ ಬಿಟ್ಟರಲ್ಲ ಎಂದು ಹಿಗ್ಗಿದೆ.

ಮಧ್ಯಾಹ್ನದ ಹೊತ್ತಿಗೆ ಜ್ವರ ಬಂತು. ಎದೆ ಢವಢವ. ಟ್ಯಾಕ್ಸಿ ಹಿಡಿದು ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ಒಂದೊಂದೇ ಕೇಳುತ್ತಾ ಬಂದರು. ಶುಗರ್? ಬಿಪಿ? ಆಲ್ಕೋಹಾಲ್?

"ನೋ ಡಾಕ್ಟರ್," ಎಂದೆ.

ಸುಳ್ಳು ಹೇಳಿದೆ ಎಂದು ಆ ಕ್ಷಣ ಅನ್ನಿಸಲೇ ಇಲ್ಲ. ಕೊರಳಲ್ಲಿ ಅಯ್ಯಪ್ಪನ ಮಾಲೆ ಇದ್ದವರ ಮುಂದೆ ಹೆಂಡದ ಮಾತೆತ್ತುವುದೇ? ವ್ರತದಲ್ಲಿದ್ದಾರೆ, ಮುಟ್ಟುವುದಿಲ್ಲ. ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಕಂಪನಿಗೆ ಗೊತ್ತಾದರೆ ಕೆಲಸ ಹೋದೀತೆಂಬ ಭಯವೂ ಇತ್ತು, ಇಲ್ಲವೆನ್ನಲಾರೆ. ಡಾಕ್ಟರು ಇನ್ಫೆಕ್ಷನ್ ಇರಬಹುದೆಂದು ಬ್ಲಡ್ ಟೆಸ್ಟಿಗೆ ಕಳಿಸಿದರು. ನಾವು ರಿಪೋರ್ಟಿಗೆ ಕಾದು ಕೂತೆವು.

ಇದ್ದಕ್ಕಿದ್ದಂತೆ ಇವರು ಹಾಸಿಗೆಯಲ್ಲಿ ಎದ್ದು ಕೂತರು.

"ಸುಮಾ, ಅವ್ರು ಬಂದಿದಾರೆ ನೋಡು."

"ಯಾರ್ರೀ?" ಗಾಬರಿಯಲ್ಲಿ ಸ್ವಾಮಿ ಎನ್ನುವುದು ಮರೆತೇ ಹೋಯಿತು.

"ಬಿಳಿ ಸೋಲ್ಜರ್‌ಗಳು. ಸಾಲಾಗಿ ನಿಂತಿದಾರೆ. ಎಲ್ರ ಕೈಲೂ ಗ್ಲಾಸು. ನಂಗೂ ಒಂದು ಕೊಡ್ತಿದಾರೆ. ಬೇಡ, ಮಾಲೆ ಹಾಕಿದೀನಿ ಅಂತ ನೀನಾದ್ರೂ ಹೇಳೇ ಅವ್ರಿಗೆ!"

ಅಲ್ಲಿ ಇದ್ದದ್ದು ಬರೀ ಹಸಿರು ಪರದೆ.

ಎದ್ದು ಡಾಕ್ಟರ ಬಳಿ ಓಡಿದೆ. "ಡಾಕ್ಟರ್, ಕುಡೀತಾರೆ! ದಿನಾ ಕುಡೀತಿದ್ರು, ಈಗ ಬಿಟ್ಟಿದಾರೆ!" ನನಗೇ ಗೊತ್ತಿಲ್ಲದೆ ಕನ್ನಡದಲ್ಲಿ ಕೂಗಿದ್ದೆ. ಮತ್ತೆ ಇಂಗ್ಲಿಷಿನಲ್ಲಿ ಹೇಳಿದೆ.

ಡಾಕ್ಟರು ಬೈಯಲಿಲ್ಲ. ನರ್ಸನ್ನು ಕರೆದು ಇಂಜೆಕ್ಷನ್ ಕೊಡಿಸುತ್ತಲೇ ಹೇಳಿದರು. ಇದು ವಿತ್‌ಡ್ರಾವಲ್. ದಿನವೂ ಅಷ್ಟು ಕುಡಿಯುವವರು ವೈದ್ಯರಿಗೆ ತಿಳಿಸದೆ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಬಿಟ್ಟದ್ದೇ ಕಾಯಿಲೆ! ಕುಡಿದು ಸಾಯುತ್ತಾರೆಂದು ಹೆದರಿದ್ದವಳು ನಾನು. ಬಿಟ್ಟು ಸಾಯುವುದೂ ಉಂಟೆಂದು ನನಗೆ ಯಾರು ಹೇಳಿದ್ದರು? ಐಸಿಯುಗೆ ಒಯ್ಯುವಾಗ ಮಾಲೆ ತೆಗೆಯಬೇಕೆಂದರು. ಯಾತ್ರೆ ಮುಗಿಯದೆ ತೆಗೆಯಬಾರದು. ಅಯ್ಯಪ್ಪಾ, ತಪ್ಪಾಯಿತು ಎಂದು ನಾನೇ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡೆ. ಬದುಕಿದರೆ ಸಾಕಾಗಿತ್ತು.

ಬದುಕಿದರು.

ಮನೆಗೆ ಬಂದ ಮೇಲೆ ರಿವ್ಯೂಗೆ ಹೋದೆವು. ಅದೇ ಡಾಕ್ಟರು ಅದೇ ಪ್ರಶ್ನೆ ಕೇಳಿದರು. ಆಲ್ಕೋಹಾಲ್? ನಾನು ಬಾಯಿ ತೆರೆಯುವಷ್ಟರಲ್ಲಿ ಇವರೇ ಹೇಳಿದರು. ಈಗ ಕುಡಿಯುತ್ತಿಲ್ಲ. ಆದರೆ ಸಂಜೆಯಾದರೆ ಬೇಕು ಅನ್ನಿಸುತ್ತದೆ. ತುಂಬಾ ಬೇಕು ಅನ್ನಿಸುತ್ತದೆ.

ಇಷ್ಟು ವರ್ಷದಲ್ಲಿ ತಮಾಷೆ ಮಾಡದೆ ಅವರು ಆ ಮಾತು ಆಡಿದ್ದು ಅದೇ ಮೊದಲು. ಮೇಜಿನ ಕೆಳಗೆ ಅವರ ಕೈ ಹಿಡಿದುಕೊಂಡೆ. ಇನ್ನೂ ಸ್ವಲ್ಪ ನಡುಗುತ್ತಿತ್ತು.